ಇಸೆಗೆ ಹೋದರೆ ಮೊದಲು ಸೆಂಗುಕಾನ್ ನೋಡಿ: ದುರ್ಗದ ಬಡಗಿಯೊಬ್ಬನ ರಿವ್ಯೂ

ಜಪಾನಿನ ಇಸೆ ದೇವಸ್ಥಾನಕ್ಕೆ ಹೋಗಿ ಬಂದ ನಮ್ಮ ಕಡೆಯವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ಅಲ್ಲೇನೂ ಕಾಣಲ್ಲ ಕಣ್ರೀ, ಬೇಲಿ ನೋಡ್ಕಂಡು ವಾಪಸ್ ಬಂದ್ವಿ." ಮಾತು ಸುಳ್ಳಲ್ಲ. ಗರ್ಭಗುಡಿಯ ಸುತ್ತ ನಾಲ್ಕು ಸುತ್ತು ಮರದ ಬೇಲಿ ಇದೆ. ಹೊರಗಿನ ಬಾಗಿಲಿಗೆ ಬಿಳಿ ರೇಷ್ಮೆ ಪರದೆ. ಅದರ ಮುಂದೆ ನಿಂತು ಕೈ ಮುಗಿದು ಬರಬೇಕು, ಅಷ್ಟೆ. ಒಳಗಿನ ಗುಡಿಯ ಸೂರಿನ ತುದಿ ಮಾತ್ರ ಬೇಲಿಯ ಮೇಲಿಂದ ಇಣುಕುತ್ತದೆ.

ಆದರೆ ಅದೇ ಊರಿನಲ್ಲಿ, ಹೊರ ಗುಡಿಯ ಕೆರೆ ಪಕ್ಕದಲ್ಲೇ, 300 ಯೆನ್ ಕೊಟ್ಟರೆ ಅದೇ ಗರ್ಭಗುಡಿಯನ್ನು ಎದುರಿಗೇ ನಿಂತು ನೋಡಬಹುದು. ಸೆಂಗುಕಾನ್ ಅಂತ ಒಂದು ಮ್ಯೂಸಿಯಂ. ಬಹಳ ಜನ ಅದರ ಮುಂದಿನಿಂದಲೇ ನಡೆದುಕೊಂಡು ಹೋಗುತ್ತಾರೆ, ಒಳಗೆ ಕಾಲಿಡುವುದಿಲ್ಲ. ಈ ರಿವ್ಯೂ ಮುಖ್ಯವಾಗಿ ಅದರ ಬಗ್ಗೆ. ಮಕ್ಕಳು ನಗೋಯಾದಲ್ಲಿ ಕೆಲಸಕ್ಕಿದ್ದಾರೆ, ಒಂದು ದಿನ ಬಿಡುವಿದೆ, ಎಲ್ಲಿಗೆ ಹೋಗಬೇಕು ಅಂತ ಕೇಳುವವರಿಗೆ ಇದು ಉಪಯೋಗಕ್ಕೆ ಬರಬಹುದು.

ನನ್ನ ಕಸುಬು ಹೇಳಿಬಿಡುತ್ತೇನೆ. ಯಾಕೆಂದರೆ ನಾನು ನೋಡಿದ್ದೆಲ್ಲ ಆ ಕಣ್ಣಿನಿಂದಲೇ. ಚಿತ್ರದುರ್ಗದಲ್ಲಿ ಬಾಗಿಲು, ಕಿಟಕಿ, ಚೌಕಟ್ಟು ಮಾಡುವ ಅಂಗಡಿ ನಮ್ಮದು. ಸಾಗುವಾನಿ, ಹೊನ್ನೆ, ಮತ್ತಿ, ಬೇವು, ಇವುಗಳ ಜೊತೆಯಲ್ಲೇ ಬೆಳೆದವನು ನಾನು. ನಮ್ಮಪ್ಪ ಹಳ್ಳಿಗಳಲ್ಲಿ ತೇರಿನ ರಿಪೇರಿಗೂ ಹೋಗುತ್ತಿದ್ದರು. ನನ್ನ ಮಗಳು, ಅಳಿಯ ಇರುವುದು ನಗೋಯಾದಲ್ಲಿ. ಅಲ್ಲಿಂದ ಕಿಂತೆತ್ಸು ರೈಲು ಹತ್ತಿದರೆ ಒಂದೂವರೆ ಗಂಟೆ ಒಳಗೆ ಇಸೆ. ರೈಲು ಇಳಿದು ಹೊರ ಗುಡಿಗೆ ನಡೆದೇ ಹೋಗಬಹುದು.

ಹೋಗುವ ದಾರಿಯ ಬಗ್ಗೆ ಒಂದು ಎಚ್ಚರಿಕೆ. ನಾನು ಮೊದಲು ಹೋದದ್ದು ಒಂದು ಟೂರ್ ಕಂಪನಿಯ ಬಸ್ಸಿನಲ್ಲಿ. ಹೆಸರು ಬೇಡ. ಅವರು ಹೊರ ಗುಡಿಯನ್ನು ಪೂರ್ತಿ ಬಿಟ್ಟೇಬಿಟ್ಟರು. ನೇರ ಒಳ ಗುಡಿಗೆ ಕರೆದುಕೊಂಡು ಹೋಗಿ, ಬಾವುಟ ಹಿಡಿದು ಓಡಿಸಿ, ಉಳಿದ ಸಮಯವನ್ನೆಲ್ಲ ಅಂಗಡಿ ಬೀದಿಯಲ್ಲಿ ಕಳೆಯಲು ಬಿಟ್ಟರು. ಗೈಡ್ ಹೇಳಿದ್ದು ಒಂದೇ ವಾಕ್ಯ: ಇದನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ. ಯಾಕೆ, ಹೇಗೆ, ಮರ ಎಲ್ಲಿಂದ ಬರುತ್ತದೆ, ಹಳೆಯ ಮರ ಎಲ್ಲಿಗೆ ಹೋಗುತ್ತದೆ, ಕೇಳಿದರೆ ನಕ್ಕು ಗಡಿಯಾರ ತೋರಿಸಿದ. ಮರದ ಕೆಲಸದವನಿಗೆ ಇಷ್ಟು ಹೇಳಿ ಸುಮ್ಮನಾದರೆ ನಿದ್ದೆ ಬರುತ್ತಾ? ಆಮೇಲೆ ಮಗಳು, ಅಳಿಯನ ಜೊತೆ ರೈಲಿನಲ್ಲಿ ಹೋದೆ. ನೀವೂ ಹಾಗೇ ಹೋಗಿ. ಇಸೆಗೆ ಬಸ್ ಟೂರ್ ದುಡ್ಡು ದಂಡ.

ಇಸೆ ಅಂದರೆ ಒಂದು ಗುಡಿ ಅಲ್ಲ. ಚಿಕ್ಕವು ದೊಡ್ಡವು ಸೇರಿ 125 ಗುಡಿಗಳಿವೆ. ಮುಖ್ಯವಾದವು ಎರಡು. ಒಳ ಗುಡಿ ನೈಕೂ, ಅಲ್ಲಿರುವುದು ಸೂರ್ಯದೇವತೆ ಅಮತೆರಾಸು. ಹೊರ ಗುಡಿ ಗೆಕೂ, ಅಲ್ಲಿರುವುದು ಅನ್ನದ ದೇವತೆ ತೊಯೋಉಕೆ. ಎರಡಕ್ಕೂ ನಡುವೆ ಕೆಲವು ಕಿಲೋಮೀಟರ್ ದೂರ. ಮೊದಲು ಹೊರ ಗುಡಿ, ಆಮೇಲೆ ಒಳ ಗುಡಿ, ಇದು ಪದ್ಧತಿ. ಅಮತೆರಾಸುವಿಗೆ ನೆಲೆ ಹುಡುಕುತ್ತಾ ರಾಜಕುಮಾರಿ ಯಾಮಾತೊಹಿಮೆ ಊರೂರು ಅಲೆದು, ಕೊನೆಗೆ ಇಸುಜು ಹೊಳೆ ದಂಡೆಯಲ್ಲಿ ನಿಲ್ಲಿಸಿದಳು ಅನ್ನುವುದು ಅವರ ನಂಬಿಕೆ. ಅದು ಸುಮಾರು 2000 ವರ್ಷದ ಹಿಂದಿನ ಕಥೆ. ಅದಾಗಿ ಸುಮಾರು 500 ವರ್ಷಕ್ಕೆ ಯೂರ್ಯಾಕು ಚಕ್ರವರ್ತಿಯ ಕನಸಿನಲ್ಲಿ ದೇವತೆ ಬಂದು, ಒಬ್ಬಳೇ ಕೂತು ನೆಮ್ಮದಿಯಾಗಿ ಊಟ ಮಾಡಲು ಆಗುತ್ತಿಲ್ಲ, ತಾಂಬಾ ಸೀಮೆಯ ತೊಯೋಉಕೆಯನ್ನು ಕರೆಸಿಕೊಡು ಅಂದಳಂತೆ. ಹಾಗೆ ಬಂದದ್ದು ಹೊರ ಗುಡಿ. ಈ ಕಥೆ ಕೇಳಿ ನಮ್ಮ ಮನೆಯವರು, "ದೇವ್ರಿಗೂ ಒಬ್ಬಳೇ ಉಣ್ಣೋಕೆ ಬೇಜಾರಾಗುತ್ತೆ ನೋಡಿ" ಅಂದರು. ನಾನು ಅಂಗಡಿಯಿಂದ ತಡವಾಗಿ ಬರುವುದಕ್ಕೆ ಹೇಳಿದ್ದು ಅದು.

ಆ ಊಟ ಇವತ್ತಿಗೂ ನಿಂತಿಲ್ಲ. ದಿನಕ್ಕೆ ಎರಡು ಹೊತ್ತು ನೈವೇದ್ಯ, ಸುಮಾರು 1500 ವರ್ಷದಿಂದ. ಪೂಜಾರಿಗಳು ಹಿಂದಿನ ರಾತ್ರಿಯೇ ಬಂದು ಮಡಿಯಲ್ಲಿ ಉಳಿಯುತ್ತಾರೆ. ಬೆಂಕಿಯನ್ನು ಕಡ್ಡಿಪೆಟ್ಟಿಗೆಯಿಂದ ಹಚ್ಚುವಂತಿಲ್ಲ, ಮರಕ್ಕೆ ಮರ ಉಜ್ಜಿಯೇ ಹೊತ್ತಿಸಬೇಕು. ನೀರು ಒಂದು ಬೇರೆಯೇ ಬಾವಿಯದು. ಅಕ್ಕಿ ದೇವಸ್ಥಾನದ ಸ್ವಂತ ಗದ್ದೆಯದು. ಉಪ್ಪನ್ನೂ ಅವರೇ ಫುತಾಮಿ ಅನ್ನುವ ಕಡಲ ತೀರದಲ್ಲಿ ತಯಾರಿಸಿ, ಮೂರು ಮೂಲೆ ಅಚ್ಚಿನಲ್ಲಿ ಹಾಕಿ ಸುಟ್ಟು ಗಟ್ಟಿ ಮಾಡುತ್ತಾರೆ. ಮೀನೂ ಇರುತ್ತದೆ, ಅಕ್ಕಿಯ ಸಾರಾಯಿಯೂ ಇರುತ್ತದೆ.

ಹೊರ ಗುಡಿಯಲ್ಲಿ ನಮ್ಮವರಿಗೆ ಮೊದಲು ಗಲಿಬಿಲಿ ಆಗುವುದು ಚಪ್ಪಲಿ ವಿಷಯದಲ್ಲಿ. ಎಲ್ಲಿ ಬಿಡಬೇಕು ಅಂತ ಹುಡುಕಬೇಡಿ. ಬೂಟು ಹಾಕಿಕೊಂಡೇ ಪರದೆಯ ಮುಂದಿನವರೆಗೂ ಹೋಗಬೇಕು. ಕಲ್ಲು ಹಾಸಿದ ದಾರಿ, ಹರಳು ಹರಳು. ನಮ್ಮ ಮನೆಯವರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಾಲ್ಕು ಹೆಜ್ಜೆ ಇಟ್ಟು, ಸುತ್ತ ನೋಡಿ, ಮತ್ತೆ ಹಾಕಿಕೊಂಡರು. ಹೊರ ಗುಡಿಯಲ್ಲಿ ದಾರಿಯ ಎಡಗಡೆ ನಡೆಯಬೇಕು, ಒಳ ಗುಡಿಯಲ್ಲಿ ಬಲಗಡೆ. ಬಾಗಿಲಲ್ಲಿ ಕೈ, ಬಾಯಿ ತೊಳೆದುಕೊಳ್ಳಬೇಕು. ದೇವರ ಮುಂದೆ ಎರಡು ಸಲ ಬಗ್ಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಂದು ಸಲ ಬಗ್ಗಬೇಕು. ಪ್ರವೇಶಕ್ಕೆ ದುಡ್ಡಿಲ್ಲ. ಮಂಗಳಾರತಿ ತಟ್ಟೆ ಬರುವುದಿಲ್ಲ. ವಿಶೇಷ ದರ್ಶನದ ಕ್ಯೂ ಅಂತೂ ಕಾಣಲಿಲ್ಲ.

ಈಗ ಸೆಂಗುಕಾನ್.

ಇದನ್ನು ತೆರೆದದ್ದು 2012ರಲ್ಲಿ, 62ನೇ ಮರುನಿರ್ಮಾಣದ ನೆನಪಿಗೆ. 2017ರ ಅಕ್ಟೋಬರಿನ ಚಂಡಮಾರುತದಲ್ಲಿ ನೀರು ನುಗ್ಗಿ ಮುಚ್ಚಿತ್ತು, 2019ರ ನವೆಂಬರಿನಲ್ಲಿ ಮತ್ತೆ ತೆರೆಯಿತು. ದೊಡ್ಡ ಮ್ಯೂಸಿಯಂ ಅಲ್ಲ. ಅವಸರದವರು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ನಾನು ಮಧ್ಯಾಹ್ನದ ಊಟ ಮರೆತು ಅಲ್ಲೇ ನಿಂತಿದ್ದೆ. ಅಳಿಯ ಎರಡು ಸಲ ಹೊರಗೆ ಹೋಗಿ ಬಂದ.

ಒಳಗೆ ಹೊರ ಗುಡಿಯ ಗರ್ಭಗುಡಿಯ ಕಾಲು ಭಾಗವನ್ನು ನಿಜವಾದ ಅಳತೆಯಲ್ಲೇ ಕಟ್ಟಿ ನಿಲ್ಲಿಸಿದ್ದಾರೆ. ಸಣ್ಣ ಮಾದರಿ ಅಲ್ಲ, ಪ್ಲಾಸ್ಟರ್ ಅಲ್ಲ. ಗುಡಿಗೆ ಬಳಸುವ ಅದೇ ಹಿನೋಕಿ ಮರ, ಜಪಾನಿನ ಸೈಪ್ರೆಸ್. ದೇವಸ್ಥಾನದ ಬಡಗಿಗಳದೇ ಕೆಲಸ. ಹುಲ್ಲಿನ ಸೂರಿನ ತುದಿ ತಲೆ ಮೇಲೆ ಬಂದಿದೆ. ಎಷ್ಟು ದಪ್ಪ ಹುಲ್ಲು ಅಂತೀರಿ! ನಮ್ಮಲ್ಲಿ ಗುಡಿಸಲಿಗೆ ಹಾಕುವ ಬಾದೆಹುಲ್ಲನ್ನು ನೋಡಿದವರು ಅದರ ಅಂಚು ನೋಡಬೇಕು. ಗೋಡೆ ಕೊಯ್ದ ಹಾಗೆ ನೇರ. ಕತ್ತಿಯಲ್ಲಿ ಕತ್ತರಿಸಿದ್ದೋ, ಮೂಲೆಮಟ್ಟ ಇಟ್ಟು ಕತ್ತರಿಸಿದ್ದೋ ಅನ್ನಿಸುತ್ತದೆ.

ಮೇಲೆ ಸೂರಿನ ಎರಡು ತುದಿಯಲ್ಲಿ ಎರಡೆರಡು ಹಲಗೆ ಕತ್ತರಿ ಹಾಕಿಕೊಂಡು ಆಕಾಶಕ್ಕೆ ಚಾಚಿರುತ್ತವೆ. ಅದಕ್ಕೆ ಚಿಗಿ ಅನ್ನುತ್ತಾರೆ. ಸೂರಿನ ನೆತ್ತಿಯ ಮೇಲೆ ಅಡ್ಡಡ್ಡಲಾಗಿ ಗುಂಡಗಿನ ದಿಮ್ಮಿಗಳು. ಹೊರ ಗುಡಿಗೆ 9, ಒಳ ಗುಡಿಗೆ 10. ಚಿಗಿಯ ತುದಿಯನ್ನು ಹೊರ ಗುಡಿಯಲ್ಲಿ ನೆಟ್ಟಗೆ ಕೊಯ್ದಿರುತ್ತಾರೆ, ಒಳ ಗುಡಿಯಲ್ಲಿ ಮಟ್ಟಸವಾಗಿ. ಇಷ್ಟು ಗೊತ್ತಿದ್ದರೆ ಬೇಲಿಯ ಆಚೆ ಸೂರು ಮಾತ್ರ ಕಂಡರೂ ಯಾವ ಗುಡಿ ಅಂತ ಹೇಳಬಹುದು. ಇದನ್ನು ಮೊದಲೇ ಇಲ್ಲಿ ನೋಡಿಕೊಂಡು ಹೋಗಿ ಅನ್ನುವುದು ಇದಕ್ಕೇ. ಇಲ್ಲದಿದ್ದರೆ ಅಲ್ಲಿ ಕಾಣುವ ಸ್ವಲ್ಪವೂ ಕಾಣುವುದಿಲ್ಲ.

ನಾನು ಬಹಳ ಹೊತ್ತು ನಿಂತದ್ದು ಕಂಬದ ಬುಡದಲ್ಲಿ. ಕೆಳಗೆ ಪೀಠದ ಕಲ್ಲಿಲ್ಲ. ಕಂಬವನ್ನು ನೇರ ಮಣ್ಣಿನಲ್ಲಿ ಹೂತು ನಿಲ್ಲಿಸುವ ಪದ್ಧತಿ ಅದು. ನಮ್ಮಪ್ಪ ಇದ್ದಿದ್ದರೆ ಬೈಯುತ್ತಿದ್ದರು. ಮರಕ್ಕೆ ಮಣ್ಣು ತಾಗಬಾರದು ಅನ್ನುವುದು ನಮ್ಮ ಕಸುಬಿನ ಮೊದಲ ಪಾಠ. ನಮ್ಮ ಮಾಳಿಗೆ ಮನೆಗಳಲ್ಲಿ ಪ್ರತಿ ಕಂಬಕ್ಕೂ ಕೆಳಗೆ ಕಲ್ಲು ಇರುತ್ತದೆ, ಗೆದ್ದಲು ಹತ್ತಬಾರದು ಅಂತ. ಜಪಾನಿನವರಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ನಾರಾದಲ್ಲಿ ಹೋರ್ಯೂಜಿ ಅನ್ನುವ ಬೌದ್ಧ ಮಂದಿರ ಇದೆ. ಅದೂ ಹಿನೋಕಿ ಮರದ್ದೇ, ಆದರೆ ಕಂಬಗಳ ಕೆಳಗೆ ಕಲ್ಲು. ಅದು ಸುಮಾರು 1300 ವರ್ಷದಿಂದ ನಿಂತಿದೆ. ಲೋಕದಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡ ಅದೇ. ಅಂದರೆ ಬಾಳಿಕೆ ಬರುವ ದಾರಿ ಕಣ್ಣ ಮುಂದೆಯೇ ಇತ್ತು. ಇಸೆಯವರು ಅದನ್ನು ಹಿಡಿಯಲಿಲ್ಲ. ಹಳೆಯ ಕಣಜದ ಮಾದರಿ, ಎತ್ತರದ ನೆಲಹಾಸು, ಮಣ್ಣಲ್ಲಿ ಹೂತ ಕಂಬ, ಹುಲ್ಲಿನ ಸೂರು, ಬಣ್ಣ ಬಳಿಯದ ಮರ, ಇಷ್ಟನ್ನೇ ಬಿಡದೆ ಉಳಿಸಿಕೊಂಡರು. ಅಲಂಕಾರ ಅಂದರೆ ಅಲ್ಲಲ್ಲಿ ಲೋಹದ ಪಟ್ಟಿ, ಕಟಕಟೆಯ ಮೇಲೆ ಐದು ಬಣ್ಣದ ಗುಂಡುಗಳು. ಮಿಕ್ಕಿದ್ದು ಬರೀ ಮರ.

ಬರೀ ಮರ ಅಂದರೆ ಕೆಲಸ ಸುಲಭ ಅಂದುಕೊಳ್ಳಬೇಡಿ. ಕೆತ್ತನೆ ಇದ್ದರೆ ಸಣ್ಣಪುಟ್ಟ ತಪ್ಪು ಅದರಲ್ಲಿ ಮುಚ್ಚಿಹೋಗುತ್ತದೆ. ಪಾಲಿಶ್ ಹೊಡೆದರೆ ಗಂಟು ಮುಚ್ಚುತ್ತದೆ, ಪುಟ್ಟಿ ತುಂಬಿದರೆ ಸಂದು ಮುಚ್ಚುತ್ತದೆ. ನಾವೆಲ್ಲ ಅದನ್ನೇ ತಾನೇ ಮಾಡುವುದು. ಇಲ್ಲಿ ಮುಚ್ಚಲು ಏನೂ ಇಲ್ಲ. ತೊಲೆ ಕಂಬದೊಳಗೆ ಹೋಗುವ ಸಂದಿನಲ್ಲಿ ಒಂದು ಕಾಗದ ತೂರಿಸುವ ಜಾಗ ಹುಡುಕಿದೆ, ಸಿಗಲಿಲ್ಲ. ಗಂಟಿಲ್ಲದ ಹಲಗೆ, ಎಳೆ ನೇರ. ಅಷ್ಟು ಉದ್ದ, ಅಷ್ಟು ಅಗಲದ ಗಂಟಿಲ್ಲದ ಹಲಗೆ ಬೇಕು ಅಂದರೆ ನಮ್ಮ ಟಿಂಬರ್ ಡಿಪೋದವರು ನಮ್ಮನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಟೀ ತರಿಸುತ್ತಾರೆ, ಅಷ್ಟೆ.

ಪಕ್ಕದ ಭಾಗದಲ್ಲಿ ದೇವರ ಒಡವೆ, ವಸ್ತ್ರಗಳು. ಮನೆ ಮಾತ್ರ ಅಲ್ಲ, ದೇವರ ಸಾಮಾನನ್ನೂ 20 ವರ್ಷಕ್ಕೊಮ್ಮೆ ಹೊಸದಾಗಿ ಮಾಡುತ್ತಾರೆ. 714 ಬಗೆ, ಒಟ್ಟು 1,576 ವಸ್ತು. ಬಟ್ಟೆ, ಕತ್ತಿ, ಬಿಲ್ಲು, ಕನ್ನಡಿ, ಕುದುರೆ ಜೀನು, ನೇಯ್ಗೆಯ ಸಾಮಾನು. ಒಂದೊಂದು ಹೇಗೆ ತಯಾರಾಗುತ್ತದೆ ಅನ್ನುವುದನ್ನು ಹಂತ ಹಂತವಾಗಿ ಇಟ್ಟಿದ್ದಾರೆ. ಮಗಳು ಫಲಕಗಳನ್ನು ಓದಿ ಓದಿ ಹೇಳಿದಳು. ಜಪಾನಿ ಓದುವವರು ಜೊತೆಗಿದ್ದರೆ ಒಳ್ಳೆಯದು.

20 ವರ್ಷವೇ ಯಾಕೆ? ಇದಕ್ಕೆ ಹಳೆಯ ಬರಹ ಯಾವುದೂ ನೇರ ಉತ್ತರ ಕೊಡುವುದಿಲ್ಲವಂತೆ. ಹುಲ್ಲು ಅಷ್ಟು ದಿನ ಬಾಳುತ್ತದೆ ಅನ್ನುವವರಿದ್ದಾರೆ. ಹೂತ ಕಂಬದ ಆಯಸ್ಸು ಅನ್ನುವವರಿದ್ದಾರೆ. ನನ್ನ ಲೆಕ್ಕ ಕಸುಬಿನದು. 20ಕ್ಕೆ ಹುಡುಗ ಕಲಿಯುತ್ತಾನೆ, 40ಕ್ಕೆ ತಾನೇ ಮಾಡುತ್ತಾನೆ, 60ಕ್ಕೆ ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾನೆ. 50 ವರ್ಷಕ್ಕೊಮ್ಮೆ ಕಟ್ಟಿದ್ದರೆ ಒಬ್ಬರ ಕೈ ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ತೇರಿನ ಗಾಲಿ ಮಾಡುವುದು ನಮ್ಮಪ್ಪನಿಗೆ ಗೊತ್ತಿತ್ತು. ಮರದ ಗಾಲಿ ತೆಗೆದು ಕಬ್ಬಿಣದ್ದು ಹಾಕಿಸುವ ಕಾಲ ಬಂತು. ಆರ್ಡರ್ ಬರಲಿಲ್ಲ, ನಾನು ಕಲಿಯಲಿಲ್ಲ. ಹೇಗೆ ಮಾಡುವುದು ಅಂತ ಬಾಯಲ್ಲಿ ಹೇಳಬಲ್ಲೆ. ಬಾಚಿ ಕೊಟ್ಟರೆ ಆಗುವುದಿಲ್ಲ.

ಹಾಗಂತ ಇಸೆಯಲ್ಲಿ ಎಲ್ಲವೂ ಒಂದೇ ಓಟದಲ್ಲಿ ನಡೆದು ಬಂದಿದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗೈಡುಗಳು ಹಾಗೆ ಹೇಳಿಬಿಡುತ್ತಾರೆ. ತೆಮ್ಮು ಚಕ್ರವರ್ತಿ ಈ ಕ್ರಮ ನಿಗದಿ ಮಾಡಿದ. ಅವನ ಕಾಲಾನಂತರ ಮಹಾರಾಣಿ ಜಿತೋ ಕಾಲದಲ್ಲಿ, 690ರಲ್ಲಿ, ಒಳ ಗುಡಿಯ ಮೊದಲ ಮರುನಿರ್ಮಾಣ ಆಯಿತು. 692ರಲ್ಲಿ ಹೊರ ಗುಡಿಯದು. ಆದರೆ 15ನೇ ಶತಮಾನದಲ್ಲಿ ಯುದ್ಧಗಳು ಶುರುವಾಗಿ ಎಲ್ಲ ನಿಂತುಹೋಯಿತು. 120 ವರ್ಷಕ್ಕೂ ಜಾಸ್ತಿ. ಆರು ತಲೆಮಾರಿನ ಬಡಗಿಗಳು ಗರ್ಭಗುಡಿ ಕಟ್ಟದೆಯೇ ಸತ್ತರು ಅಂತಾಯಿತು. ಮತ್ತೆ ಶುರು ಮಾಡಿದ್ದು ರಾಜರಲ್ಲ. ಕೇಯ್ಕೋಇನ್ ಅನ್ನುವ ಮಠದ ಬೌದ್ಧ ಸನ್ಯಾಸಿನಿಯರು ಊರೂರು ತಿರುಗಿ ಜೋಳಿಗೆ ಹಿಡಿದರು. ಸೇಯ್ಜುನ್ ಅನ್ನುವ ಸನ್ಯಾಸಿನಿಯ ಪ್ರಯತ್ನದಿಂದ 1563ರಲ್ಲಿ ಹೊರ ಗುಡಿ ಎದ್ದಿತು. ಒಳ ಗುಡಿ 1585ರಲ್ಲಿ. ಬೇರೆ ಧರ್ಮದ, ಅಂದರೆ ಶಿಂತೋ ಗುಡಿಗೆ ಇವರು ಭಿಕ್ಷೆ ಎತ್ತಿದರು. ನನಗೆ ಇಸೆಯ ಇಡೀ ಚರಿತ್ರೆಯಲ್ಲಿ ಇದೇ ದೊಡ್ಡದಾಗಿ ಕಂಡಿತು. ನಡುವೆ ಬಿಟ್ಟುಹೋದದ್ದನ್ನು ಮತ್ತೆ ಎತ್ತಿಕೊಳ್ಳುವುದು ಸುಮ್ನೆ ಮುಂದುವರಿಸುವುದಕ್ಕಿಂತ ಕಷ್ಟ.

ಹೊಸದಾಗಿ ಕಟ್ಟುವುದು ನಮಗೆ ಅಪರಿಚಿತ ಅಂತಲ್ಲ. ನಮ್ಮ ಚಳ್ಳಕೆರೆ ಸೀಮೆಯಲ್ಲಿ ಕಾಡುಗೊಲ್ಲರ ಕ್ಯಾತಪ್ಪನ ಪರಿಷೆ ನೋಡಿದವರಿಗೆ ಗೊತ್ತು. ಅಲ್ಲಿ ದೇವರಿಗೆ ಮುಳ್ಳಿನಲ್ಲೇ ಗುಡಿ ಕಟ್ಟುತ್ತಾರೆ. ಬರಿಗಾಲಿನಲ್ಲಿ ಆ ಮುಳ್ಳು ಹತ್ತಿ ತುದಿಯ ಕಳಶ ಇಳಿಸುತ್ತಾರೆ. ಮುಂದಿನ ಪರಿಷೆಗೆ ಮತ್ತೆ ಹೊಸ ಮುಳ್ಳು. ನಾವು ಅದನ್ನು ಜಾತ್ರೆ ಅಂತ ನೋಡಿ ಮಂಡಕ್ಕಿ ತಿಂದು ಬರುತ್ತೇವೆ. ಪ್ರಾಚೀನ ದೇವಸ್ಥಾನ ಅಂದ ತಕ್ಷಣ ನಮ್ಮ ತಲೆಗೆ ಬರುವುದು ಕಲ್ಲು, ಹರಿಹರದ್ದು 1224ರದು ಅಂತ ಲೆಕ್ಕ. ಇಸೆಯವರ ಗುಡಿಗೆ ಈಗಿನ ವಯಸ್ಸು ಕೇಳಿದರೆ 2013 ಅನ್ನಬೇಕು. ಆದರೂ ಅದು ಹಳೆಯದೇ.

ಮರದ ವಿಷಯಕ್ಕೆ ಬರುತ್ತೇನೆ. ಒಂದು ಸಲದ ಕೆಲಸಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಹಿನೋಕಿ ಮರ ಬೇಕು. ಬಹಳಷ್ಟು ಬರುವುದು ಕಿಸೋ ಬೆಟ್ಟಗಳಿಂದ. 2013ಕ್ಕೆ ಮುಗಿದ 62ನೇ ಸಲಕ್ಕೆ ಆದ ಖರ್ಚು ಸುಮಾರು 5,500 ಕೋಟಿ ಯೆನ್. ಕೆಲಸ ಶುರುವಾಗುವುದು ಎಂಟು ವರ್ಷ ಮೊದಲೇ. ಮುಂದಿನದು 2033ಕ್ಕೆ, ಅದಕ್ಕೆ ಮೊದಲ ಪೂಜೆ 2025ರ ಮೇ ತಿಂಗಳಲ್ಲೇ ಆಗಿದೆ. ಆಮೇಲೆ ಜೂನಿನಲ್ಲಿ ಕಿಸೋ ಕಾಡಿನಲ್ಲಿ ಮೊದಲ ಮರ ಕಡಿದರು. ಗರಗಸ ಹಾಕುವುದಿಲ್ಲ. ಕೊಡಲಿಯಲ್ಲಿ ಮೂರು ಕಡೆಯಿಂದ ಬುಡ ಕೊರೆಯುತ್ತಾ ಹೋಗುತ್ತಾರೆ. ಒಳಗೆಲ್ಲ ಟೊಳ್ಳಾಗಿ, ಮರ ಮೂರು ಕಾಲಿನ ಮೇಲೆ ನಿಲ್ಲುತ್ತದೆ. ಕೊನೆಗೆ ಒಂದು ಕಾಲು ಕಡಿದರೆ ಬೇಕಾದ ಕಡೆಗೇ ಬೀಳುತ್ತದೆ, ಎಳೆ ಸೀಳುವುದಿಲ್ಲ. ಬೀಳುವ ಮೊದಲು "ಮಲಗುತ್ತಿದೆ" ಅಂತ ಕೂಗುತ್ತಾರೆ. ಆಮೇಲೆ ಅದೇ ಮರದ ತುದಿಯ ಒಂದು ರೆಂಬೆ ತಂದು ಬುಡದಲ್ಲಿ ಸಿಗಿಸಿ ಕೈ ಮುಗಿಯುತ್ತಾರೆ. ನಮ್ಮಲ್ಲೂ ದೊಡ್ಡ ಮರಕ್ಕೆ ಕೊಡಲಿ ಹಾಕುವ ಮೊದಲು ಕಾಯಿ ಒಡೆಯುತ್ತಿದ್ದರು. ಈಗ ಮಷಿನ್ ಗರಗಸದ ಸದ್ದಿನಲ್ಲಿ ಯಾರು ಕಾಯಿ ಒಡೆಯುತ್ತಾರೆ?

ಕಡಿದ ದಿಮ್ಮಿಗಳನ್ನು ಇಸೆಗೆ ತಂದು ಕೊಳದ ನೀರಿನಲ್ಲಿ ವರ್ಷಗಟ್ಟಲೆ ಮುಳುಗಿಸಿಡುತ್ತಾರೆ. ಇದನ್ನು ಕೇಳಿ ನನಗೆ ಖುಷಿಯಾಯಿತು. ಬೇವಿನ ತೊಲೆಯನ್ನು ಕೆರೆ ನೀರಿನಲ್ಲಿ ನೆನೆಹಾಕಿ ಆಮೇಲೆ ಒಣಗಿಸುವುದನ್ನು ನಮ್ಮ ಹಿರಿಯರೂ ಮಾಡುತ್ತಿದ್ದರು. ಹುಳ ಹತ್ತುವುದಿಲ್ಲ, ಆಮೇಲೆ ಬಿರುಕು ಕಡಿಮೆ. ಈಗಿನ ಗಿರಾಕಿಗೆ ಹೇಳಿದರೆ, "ಗೃಹಪ್ರವೇಶ ಮುಂದಿನ ತಿಂಗಳು ಇದೆ ಕಣಪ್ಪ" ಅನ್ನುತ್ತಾರೆ.

ಇನ್ನೊಂದು. ದೇವಸ್ಥಾನಕ್ಕೆ ಸ್ವಂತ ಕಾಡಿದೆ, ಸುಮಾರು 5,500 ಹೆಕ್ಟೇರ್. ಹಿಂದೆ ಅದೇ ಕಾಡಿನ ಮರದಲ್ಲಿ ಕಟ್ಟುತ್ತಿದ್ದರು. ದೊಡ್ಡ ಮರ ಮುಗಿದುಹೋಗಿ ಬೇರೆ ಕಡೆಯಿಂದ ತರುವುದು ಶುರುವಾಯಿತು. 1923ರಲ್ಲಿ ಕೂತು ಒಂದು ಲೆಕ್ಕ ಹಾಕಿದರು. ಈಗ ನೆಟ್ಟರೆ 200 ವರ್ಷಕ್ಕೆ ಗರ್ಭಗುಡಿಯ ಮರ ಆಗುತ್ತದೆ, ನೆಡೋಣ ಅಂತ. 2013ರ ಕೆಲಸಕ್ಕೆ ಸುಮಾರು ಕಾಲು ಭಾಗ ಮರ ಆ ಕಾಡಿನಿಂದಲೇ ಬಂತು. ಅಷ್ಟು ಚಿಕ್ಕ ವಯಸ್ಸಿನವು ದೊಡ್ಡ ಕಂಬಕ್ಕೆ ಆಗುವುದಿಲ್ಲ, ಬೇರೆ ಕೆಲಸಕ್ಕೆ ಆಗುತ್ತವೆ. ನೆಟ್ಟವರಲ್ಲಿ ಒಬ್ಬರೂ ಆ ಕಂಬ ನೋಡುವುದಿಲ್ಲ ಅನ್ನುವುದು ನೆಡುವ ದಿನವೇ ಗೊತ್ತಿತ್ತು, ಅಲ್ವಾ.

ಇಸೆಗೆ ಯಾವಾಗ ಹೋಗಬೇಕು ಅಂತ ಕೇಳಿದರೆ ನನ್ನ ಉತ್ತರ 2026 ಅಥವಾ 2027ರ ಬೇಸಿಗೆ. ಆಗ ಊರಿನ ಜನ ದಿಮ್ಮಿ ಎಳೆಯುತ್ತಾರೆ. ಒಳ ಗುಡಿಗೆ ಹೊಳೆಯೊಳಗೆ ಎಳೆದುಕೊಂಡು ಹೋಗುವುದು, ಹೊರ ಗುಡಿಗೆ ಗಾಲಿ ಬಂಡಿಯ ಮೇಲೆ ಬೀದಿಯಲ್ಲಿ ಎಳೆಯುವುದು. ಎರಡು ಉದ್ದನೆಯ ಹಗ್ಗ, ನೂರಾರು ಜನ, "ಎನ್ಯಾ, ಎನ್ಯಾ" ಅಂತ ಕೂಗು. ಹೊರಗಿನವರಿಗೂ ಹೆಸರು ಬರೆಸಿ ಒಂದು ದಿನ ಹಗ್ಗ ಹಿಡಿಯುವ ಅವಕಾಶ ಇದೆ. ಮ್ಯೂಸಿಯಂನಲ್ಲಿ ಅದರ ಚಿತ್ರ ನೋಡುತ್ತಾ ನಿಂತಾಗ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿನ ಹಗ್ಗ ಹಿಡಿದ ಅಂಗೈ ಉರಿ ನೆನಪಾಯಿತು. ಅಳಿಯನಿಗೆ ಹೇಳಿದೆ. "ಹೆಸರು ಕೊಡೋಣ ಮಾವ, ಆದರೆ ಮೊಣಕಾಲು ನೋವು ಅಂತ ಆಮೇಲೆ ನನಗೆ ಹೇಳಬೇಡಿ" ಅಂದ.

ಹೊರ ಗುಡಿಯಿಂದ ಒಳ ಗುಡಿಗೆ ಬಸ್ ಇದೆ. ಇಳಿದರೆ ಎದುರಿಗೇ ಉಜಿ ಸೇತುವೆ. 101.8 ಮೀಟರ್ ಉದ್ದ, ಇದನ್ನೂ 20 ವರ್ಷಕ್ಕೊಮ್ಮೆ ಹೊಸದು ಮಾಡುತ್ತಾರೆ. ಈಗಿನದು 2009ರದು. ಎರಡು ತುದಿಯಲ್ಲೂ ತೋರೀ, ಅಂದರೆ ಬಾಗಿಲೇ ಇಲ್ಲದ ಚೌಕಟ್ಟು. ಜೀವಮಾನವೆಲ್ಲ ಚೌಕಟ್ಟು ಮಾಡಿದವನಿಗೆ ಇದರಲ್ಲಿ ಒಂದು ಸಮಾಧಾನ ಇದೆ. ಸೇತುವೆ ದಾಟಿ ಬಲಕ್ಕೆ ಹೋದರೆ ಇಸುಜು ಹೊಳೆಗೆ ಇಳಿಯುವ ಮೆಟ್ಟಿಲು. ಅಲ್ಲಿ ಕೈ ತೊಳೆಯಿರಿ, ನೀರು ತಣ್ಣಗಿದೆ. ಸುತ್ತ ದೊಡ್ಡ ದೊಡ್ಡ ಸುಗಿ ಮರಗಳು.

ಗರ್ಭಗುಡಿಯ ಮೆಟ್ಟಿಲ ಕೆಳಗಿನವರೆಗೆ ಮಾತ್ರ ಫೋಟೋ. ಮೇಲೆ ಮೊಬೈಲು ತೆಗೆಯಬೇಡಿ, ಕಾವಲಿನವರು ಇದ್ದಾರೆ. ಗಾಳಿ ಬೀಸಿದರೆ ಪರದೆ ಸ್ವಲ್ಪ ಮೇಲೇಳುತ್ತದೆ, ಜನ ಅದಕ್ಕೇ ಕಾಯುತ್ತಿರುತ್ತಾರೆ. ಮ್ಯೂಸಿಯಂ ನೋಡಿ ಬಂದವರಿಗೆ ಅದರ ಅಗತ್ಯ ಇಲ್ಲ. ಪಕ್ಕದಲ್ಲೇ ಅಷ್ಟೇ ದೊಡ್ಡ ಖಾಲಿ ಜಾಗ ಇರುತ್ತದೆ, ಬಿಳಿ ಕಲ್ಲು ಹಾಸಿ, ನಡುವೆ ಒಂದು ಪುಟ್ಟ ಗೂಡು ಬಿಟ್ಟರೆ ಏನೂ ಇಲ್ಲ. 2033ರಲ್ಲಿ ಗುಡಿ ಬರುವುದು ಅಲ್ಲಿಗೆ. ಹೊಸ ಗುಡಿ ಎದ್ದ ಮೇಲೆ ದೇವರನ್ನು ರಾತ್ರಿ ದೀಪ ಆರಿಸಿ ಕತ್ತಲಲ್ಲಿ ಕರೆದುಕೊಂಡು ಹೋಗುತ್ತಾರೆ. ಹೊರಡುವ ಮುಂಚೆ ಪೂಜಾರಿ ಮೂರು ಸಲ ಕೋಳಿ ಕೂಗು ಹಾಕುತ್ತಾನೆ. ಕಳೆದ ಸಲ ಇದು 2013ರ ಅಕ್ಟೋಬರ್ 2ರಂದು ಒಳ ಗುಡಿಯಲ್ಲಿ, 5ರಂದು ಹೊರ ಗುಡಿಯಲ್ಲಿ ನಡೆಯಿತು. ಆವರಣದಲ್ಲಿ ನಿಜವಾದ ಕೋಳಿಗಳೂ ಓಡಾಡಿಕೊಂಡಿರುತ್ತವೆ, ಅವು ಯಾರ ಮಾತೂ ಕೇಳುವುದಿಲ್ಲ.

ಊಟದ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಚಿಕ್ಕದೇ ಇದೆ. ಒಳ ಗುಡಿ ಮುಂದಿನ ಬೀದಿಯಲ್ಲಿ ಅಕಾಫುಕು ಅಂಗಡಿ, 1707ರಿಂದ ನಡೆಯುತ್ತಿದೆ. ಅಂಟು ಅಕ್ಕಿಯ ಮುದ್ದೆ ಮೇಲೆ ಕೆಂಪು ಅಲಸಂದೆ ಜಾತಿಯ ಕಾಳಿನ ಸಿಹಿ. ಬಾಯಿಗಿಟ್ಟರೆ ಹೋಳಿಗೆ ಹೂರಣವೇ, ಏಲಕ್ಕಿ ಮರೆತಿದ್ದಾರೆ ಅಷ್ಟೆ. ಮೇಲಿನ ಗೆರೆಗಳು ಇಸುಜು ಹೊಳೆಯ ಹರಿವಂತೆ. ಬೆಳಿಗ್ಗೆ ಐದಕ್ಕೇ ತೆರೆಯುತ್ತಾರೆ. ಸಸ್ಯಾಹಾರಿಗಳು ಧೈರ್ಯವಾಗಿ ತಿನ್ನಬಹುದು. ಆದರೆ ಇಸೆ ಉದೋನ್ ಅಂತ ದಪ್ಪ ಶಾವಿಗೆ ಸಿಗುತ್ತದೆ, ಅದು ನೋಡಲು ಶುದ್ಧ ಸಸ್ಯಾಹಾರ, ಆದರೆ ಕಪ್ಪು ಸಾರಿನಲ್ಲಿ ಮೀನಿನ ರಸ ಇರುತ್ತದೆ. ನಾವು ಕಟ್ಟಿಕೊಂಡು ಹೋಗಿದ್ದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಹೊರಗಡೆ ಬೆಂಚಿನ ಮೇಲೆ ಕೂತು ಮುಗಿಸಿದೆವು.

ಸೆಂಗುಕಾನ್ ಸಂಜೆ ನಾಲ್ಕಕ್ಕೆ ಒಳಗೆ ಬಿಡುವುದು ನಿಲ್ಲಿಸುತ್ತದೆ. ತಿಂಗಳಿಗೆ ಒಂದು ಮಂಗಳವಾರ ರಜೆ ಇರುತ್ತದೆ, ಮೊದಲೇ ನೋಡಿಕೊಂಡು ಹೊರಡಿ. ದೇವಸ್ಥಾನ ಬೆಳಿಗ್ಗೆ ಐದರಿಂದಲೇ ತೆರೆದಿರುತ್ತದೆ.

ಇನ್ನು ಹಳೆಯ ಮರ. ಇದನ್ನು ಕೇಳದೆ ನಾನು ಊರಿಗೆ ಬರುವಂತಿರಲಿಲ್ಲ. ಗರ್ಭಗುಡಿ ಬಿಚ್ಚಿದ ಮೇಲೆ ಒಂದು ತುಂಡನ್ನೂ ಒಲೆಗೆ ಹಾಕುವುದಿಲ್ಲ. ದೇಶದ ಬೇರೆ ಬೇರೆ ಗುಡಿಗಳ ರಿಪೇರಿಗೆ ಕೊಡುತ್ತಾರೆ. 2011ರ ಭೂಕಂಪದಲ್ಲಿ ಹಾಳಾದ ಗುಡಿಗಳಿಗೂ ಹೋಗಿದೆ. ಸೂರಿನ ನೆತ್ತಿಯ ತೊಲೆಯನ್ನು ಹೊರುವ ದೊಡ್ಡ ಕಂಬಗಳಿವೆಯಲ್ಲ, ಅವನ್ನು ಮತ್ತೆ ಕೆತ್ತಿ ಉಜಿ ಸೇತುವೆಯ ತೋರೀ ಮಾಡುತ್ತಾರೆ. ಒಳ ಗುಡಿಯದು ಸೇತುವೆಯ ಒಳತುದಿಗೆ, ಹೊರ ಗುಡಿಯದು ಹೊರತುದಿಗೆ. ಅಲ್ಲಿ 20 ವರ್ಷ ಆದ ಮೇಲೆ ಒಂದು ಸೆಕಿ ಅನ್ನುವ ಊರಿಗೆ, ಇನ್ನೊಂದು ಕುವಾನಾ ಅನ್ನುವ ಊರಿನ ಹಳೆಯ ದೋಣಿಕಟ್ಟೆಗೆ ತೋರೀ ಆಗಿ ಹೋಗುತ್ತದೆ. ಮಣ್ಣಲ್ಲಿ ಹೂತರೆ 20 ವರ್ಷ ಅಂತ ನಾನು ಲೆಕ್ಕ ಹಾಕಿದ್ದೆ. ಅವರು ಅದೇ ಮರವನ್ನು ಮೂರು ಸಲ ದುಡಿಸಿಕೊಳ್ಳುತ್ತಾರೆ.

ಕುವಾನಾ ಇರುವುದು ನಗೋಯಾಕ್ಕೆ ವಾಪಸ್ ಹೋಗುವ ರೈಲಿನ ದಾರಿಯಲ್ಲೇ. ಇಳಿದು ನಡೆದುಕೊಂಡು ಹೋಗಿ. ಟಿಕೆಟ್ಟಿಲ್ಲ, ಕಾವಲಿಲ್ಲ, ಪರದೆಯಿಲ್ಲ. ಹೊಳೆ ದಂಡೆಯಲ್ಲಿ ತೋರೀ ನಿಂತಿದೆ. ಈಗಿರುವ ಮರ 1973ರಲ್ಲಿ ಹೊರ ಗುಡಿಯ ಗರ್ಭಗುಡಿಗೆ ಕಂಬವಾಗಿ ನಿಂತದ್ದು. ನಾನು ಬೆರಳ ಗೆಣ್ಣಿನಿಂದ ಬುಡದ ಹತ್ತಿರ ಒಂದು ಸಲ, ಎದೆಮಟ್ಟದಲ್ಲಿ ಒಂದು ಸಲ ತಟ್ಟಿ ನೋಡಿದೆ. ಎರಡೂ ಕಡೆ ಸದ್ದು ಒಂದೇ, ಗಟ್ಟಿ. ಚೇಗು ಕೆಟ್ಟಿಲ್ಲ. ಕಪ್ಪೆಚಿಪ್ಪಿಗೆ ಪ್ರಸಿದ್ಧವಾದ ಊರು ಅದು, ಸಂಜೆ ವಾಕಿಂಗಿಗೆ ಬಂದ ಅಜ್ಜ ಒಬ್ಬರು ನನ್ನನ್ನೇ ನೋಡುತ್ತಿದ್ದರು. ಅಳಿಯ ಅವರಿಗೆ, ಇವರು ಭಾರತದಲ್ಲಿ ಬಡಗಿ ಅಂತ ಹೇಳಿದ. ಅಜ್ಜ ಹತ್ತಿರ ಬಂದು ಇನ್ನೊಂದು ಕಂಬ ತೋರಿಸಿ, ಅದನ್ನೂ ತಟ್ಟಿ ನೋಡಿ ಅಂದರು.